ತೊಳೆದಿಟ್ಟ ತಾಟು

ಕುಂಚಾವರಂ
೧೮-೧-೧೯೭೪

ಚಿ. ಸೌ. ಮಾಣಿಕಮ್ಮನಿಗೆ,

ರೇಷನ್ ಕಾರ್ಡಿನಲ್ಲಿ ಮಾತ್ರ ನಿನ್ನ ಮನೆಯ ಯಜಮಾನನಾಗಿ ಉಳಿದಿರುವ ಅಂಬರಾಯ ಮಾಡುವ ಆಶೀರ್ವಾದಗಳು. ನಾನು ಕ್ಷೇಮ. ವಾಡಿಯಲ್ಲಿ ನೀನು, ನಮ್ಮ ಮಗಳು ನೀಲೂ, ನಿಮ್ಮವ್ವ ಎಲ್ಲರೂ ಕ್ಷೇಮವೆಂದು ತಿಳಿದುಕೊಂಡಿದ್ದೇನೆ. ವಾಡಿಯವರಿಗೆ ಮೌನವೇ ವಾಡಿಕೆ ಎಂದು ಚುಚ್ಚಿ ಬರೆಯೋಣವೆಂದು ಪೆನ್ನು ಎತ್ತಿದೆ. ಅಷ್ಟರಲ್ಲಿ, ಎಳ್ಳಮಾಸಿಗೆ ಬಂದ ನಿನ್ನ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿರುವ ಗಂಡಸು ನಾನೇ ಎಂಬುದು ನೆನಪಾಯಿತು. ಆದ್ದರಿಂದ ಚುಚ್ಚುವುದನ್ನು ಮುಂದಕ್ಕೆ ಹಾಕಿ ಮೊದಲು ಕ್ಷಮೆ ಕೇಳುತ್ತಿದ್ದೇನೆ. ಒಂದು ಸುದ್ದಿ ಪಕ್ಕಾ ಆಗಲಿ ಎಂದು ಕಾದೆ, ಅದಕ್ಕೇ ತಡವಾಯಿತು.

ಸುದ್ದಿ ಏನೆಂದರೆ, ನನಗೆ ವಾಡಿಗೆ ಬರುವ ದಾರಿ ತೆರೆಯುವ ಹಾಗೆ ಕಾಣುತ್ತಿದೆ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬದಲಾಯಿತು, ನನ್ನ ಬದಲಿ ಮಾತ್ರ ಆಗಲಿಲ್ಲ ಎಂದು ಹೋದ ಸಲ ಬರೆದಿದ್ದೆನಲ್ಲ, ಈಗ ಅದಕ್ಕೂ ಕಾಲ ಬಂದಿದೆ. ನಿಮ್ಮ ವಾಡಿಯ ಮಾಧ್ಯಮಿಕ ಶಾಲೆಯಲ್ಲಿ ಸಮಾಜ ಪಾಠದ ಮಾಸ್ತರರ ಜಾಗ ಜೂನಿಗೆ ಖಾಲಿಯಾಗುತ್ತದಂತೆ. ತನಿಖೆಯ ಸಾಹೇಬರು ಶೌಕತ ಅಲಿಯವರು ಈ ತಿಂಗಳ ಕೊನೆಗೆ ನಮ್ಮ ಶಾಲೆಗೆ ಬರುತ್ತಾರೆ. ನಾನು ಅವರೆದುರು ಒಂದು ಮಾದರಿ ಪಾಠ ಮಾಡಬೇಕು. ಅದು ಅವರಿಗೆ ಮೆಚ್ಚುಗೆಯಾದರೆ ನನ್ನ ಹೆಸರು ವಾಡಿಗೆ ಬರೆದುಕೊಳ್ಳುತ್ತಾರೆ. ಹೆಡ್‌ಮಾಸ್ತರ ಗೊಲ್ಲಾಳಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಅಂಬರಾಯಪ್ಪ, ನಿಮ್ಮ ಬಾಯಿ ಭಾಳ ಸಡ್ಲ ಅದ. ಆವತ್ತೊಂದಿನ ಬಿಗಿ ಹಿಡೀರಿ. ಸಾಹೇಬ್ರ ಮುಂದ ಜೋಕ್ ಗೀಕ್ ಮಾಡಿದ್ರ ಇಲ್ಲೇ ರಿಟೈರ್ ಆಗ್ತೀರಿ, ನೋಡ್ರಿ."

ಅವರ ಭಯಕ್ಕೆ ಕಾರಣವಿದೆ. ಹೋದ ವಾರ ಆರನೆಯ ಇಯತ್ತೆಗೆ 'ಗಡಿ' ಎಂದರೇನು ಎಂದು ಕಲಿಸಬೇಕಿತ್ತು. ಗೋಡೆಯ ಮೇಲಿನ ನಕಾಶೆಯಲ್ಲಿ ನಮಗೂ ಆಂಧ್ರಕ್ಕೂ ನಡುವೆ ದಪ್ಪ ಕೆಂಪು ಗೆರೆ ಇದೆ. ಆ ಗೆರೆ ಊರಿನಿಂದ ಒಂದು ಬೀಡಿ ಸೇದುವಷ್ಟು ದೂರ. ತೋರಿಸಿಯೇ ಬಿಡೋಣವೆಂದು ಇಡೀ ವರ್ಗವನ್ನು ಕರೆದುಕೊಂಡು ಹೋದೆ. ಅಲ್ಲಿ ಒಂದು ಕಲ್ಲು, ಒಂದು ಹಳ್ಳ, ಎರಡೂ ಕಡೆ ಮೇಯುವ ಒಂದೇ ಎಮ್ಮೆ. ನಮ್ಮ ವರ್ಗದ ತಮ್ಮಣ್ಣ ಸುತ್ತಮುತ್ತ ಹುಡುಕಿ ಹುಡುಕಿ, "ಸರ, ಕೆಂಪು ಗೆರಿ ಎಲ್ಲಿ ಅದರಿ? ಮಳ್ಯಾಗ ಅಳಿಸೇದೇನ್ರಿ?" ಎಂದ. ನಾನು, "ಹೂಂ, ಎಮ್ಮಿ ತುಳಿದು ಅಳಿಸೇದ" ಎಂದುಬಿಟ್ಟೆ. ಮರುದಿನ ಎಮ್ಮೆಯ ಮಾಲಕ ಹೆಡ್‌ಮಾಸ್ತರರ ಹತ್ತಿರ ಬಂದು, ಸರಕಾರದ ಗೆರೆ ಅಳಿಸಿದ್ದಕ್ಕೆ ದಂಡ ಎಷ್ಟು ಎಂದು ಕೈಮುಗಿದು ನಿಂತಿದ್ದ. ಗಡಿ ಊರಿನಲ್ಲಿ ಗಡಿಬಿಡಿಗೇನು ಬರ!

ಅದಕ್ಕೇ ಈ ಸಲ ಗೊಲ್ಲಾಳಪ್ಪನವರೇ ಪಾಠವನ್ನು ಆರಿಸಿದ್ದಾರೆ: ಐದನೆಯ ಇಯತ್ತೆ, ಮೊದಲನೆಯ ಪಾಠ, 'ಕುಟುಂಬ'. ಜೂನಿನಿಂದ ಮಕ್ಕಳಿಗೆ ಬಾಯಿಪಾಠವಾಗಿದೆ, ತಪ್ಪುವ ಮಾತೇ ಇಲ್ಲ ಎಂಬುದು ಅವರ ಲೆಕ್ಕ. "ತಂದೆ, ತಾಯಿ ಮತ್ತು ಮಕ್ಕಳು ಒಂದೇ ಮನೆಯಲ್ಲಿ ಕೂಡಿ ವಾಸಿಸುವುದಕ್ಕೆ ಕುಟುಂಬ ಎನ್ನುತ್ತಾರೆ." ಈ ಸಾಲು ಈಗ ಕುಂಚಾವರಂದ ಕೋಳಿಗಳಿಗೂ ಬರುತ್ತದೆ. ಜೂನಿನಲ್ಲಿ ಇದನ್ನು ಮೊದಲ ಸಲ ಬೋರ್ಡಿನ ಮೇಲೆ ಬರೆದಾಗ ಒಬ್ಬ ಹುಡುಗ ಎದ್ದು, "ಹಂಗಾದ್ರ ಸರ, ನಿಮಗ ಕುಟುಂಬ ಇಲ್ಲೇನ್ರಿ?" ಎಂದಿದ್ದ. ವರ್ಗವೆಲ್ಲ ನಕ್ಕಿತ್ತು. "ಅದಪ್ಪ, ಆದ್ರ ನಂದು ಎರಡು ಕಂತಿನ ಕುಟುಂಬ" ಎಂದು ನಾನೂ ನಕ್ಕಿದ್ದೆ.

ತನಿಖೆಯ ದಿನಕ್ಕೆ ಗೊಲ್ಲಾಳಪ್ಪನವರು ಇನ್ನೊಂದು ಹಳೆಯ ಹಿಕ್ಮತ್ತು ಹೇಳಿಕೊಟ್ಟಿದ್ದಾರೆ. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಾನು ಬಲಗೈಯವರನ್ನಷ್ಟೇ ಎಬ್ಬಿಸಬೇಕು. ಕಾಲೇಜಿನಲ್ಲಿ ಪ್ರಜಾಪ್ರಭುತ್ವದ ಮೇಲೆ ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದವನು ಈಗ ಕೈ ಎತ್ತಿಸುವ ತಾಲೀಮು ಮಾಡಿಸಾಕತ್ತೀನಿ. ನಗಬೇಡ. ವಾಡಿಗೆ ಬರಲು ನಾನು ಎರಡೂ ಕೈ ಎತ್ತಲು ತಯಾರಿದ್ದೇನೆ.

ನನ್ನ ಊಟದ ಚಿಂತೆ ಬೇಡ. ಕೋಣೆ ಕೊಟ್ಟ ಇಮಾಮ್ಬೀ ಹೊತ್ತು ಹೊತ್ತಿಗೆ ರೊಟ್ಟಿ, ಬ್ಯಾಳಿ ಮಾಡಿಕೊಡುತ್ತಾಳೆ. ಆದರೂ ದೀಪಾವಳಿಗೆ ನೀನು ಹೊಸ ಸ್ಟೀಲಿನ ತಾಟಿನಲ್ಲಿ ಬಡಿಸಿ ಮಾಡಿದ ರಾಜೋಪಚಾರ ಮರೆತಿಲ್ಲ. ಆ ತಾಟಿನಲ್ಲಿ ನನ್ನ ಮುಖ ಎಷ್ಟು ಸ್ವಚ್ಛ ಕಾಣುತ್ತಿತ್ತೆಂದರೆ, ಹೋಳಿಗೆಗಿಂತ ಅದನ್ನೇ ನೋಡುತ್ತ ಕುಳಿತಿದ್ದೆ.

ನೀಲೂಗೆ ಮುತ್ತು. ನಿಮ್ಮವ್ವನಿಗೆ ನಮಸ್ಕಾರ. ಸಾಹೇಬರು ಬರುವ ದಿನ ವಾಡಿಯ ಹಣಮಪ್ಪನ ಗುಡಿಯಲ್ಲಿ ಒಂದು ಕಾಯಿ ಒಡೆಸು. ಖರ್ಚು ನನ್ನದು, ಪುಣ್ಯ ಇಬ್ಬರದು.

ನಿನ್ನ
ಅಂಬರಾಯ


ಕುಂಚಾವರಂ
೩-೨-೧೯೭೪

ಪ್ರೀತಿಯ ಮಾಣಿಕಮ್ಮನಿಗೆ,

ಆಶೀರ್ವಾದಗಳು. ನಿನ್ನ ಕಾರ್ಡು ತಲುಪಿತು. "ಪಾಠ ಛಲೋ ಮಾಡಿರಿ. ಭಾಳ ನಗಿಸಬೇಡಿರಿ. ಕಾಯಿ ಒಡೆಸಿದೆ. ನೀಲೂ ಆರಾಮ." ಇಷ್ಟು ಬರೆದು ಉಳಿದ ಜಾಗವನ್ನೆಲ್ಲ ಖಾಲಿ ಬಿಟ್ಟಿದ್ದೀಯ. ಪೋಸ್ಟಿನವರು ಬರೀ ಕಾರ್ಡಿಗೂ ಅಷ್ಟೇ ದುಡ್ಡು ತಗೋತಾರೆ ಮಾರಾಯ್ತಿ, ತುಂಬಿಸಿ ಬರೆದರೆ ಭಾರಕ್ಕೆ ರೈಲು ನಿಲ್ಲುವುದಿಲ್ಲ. ಆದರೂ ಆ ಖಾಲಿ ಜಾಗವನ್ನೂ ಓದಿದೆ. ಎರಡು ಸಲ ಓದಿದೆ.

ಸಾಹೇಬರು ಬಂದು ಹೋದರು. ಮೊದಲಿಂದ ಹೇಳುತ್ತೇನೆ.

ಶೌಕತ ಅಲಿ ಸಾಹೇಬರೆಂದರೆ ಕರೀ ಕೋಟು, ಬಿಳಿ ಮೀಸೆ, ಬಿಗಿದ ಬಾಯಿ. ಯಾವುದಕ್ಕೂ ಹೂಂ ಇಲ್ಲ, ಊಹೂಂ ಇಲ್ಲ, ಸಂಪೂರ್ಣ ತಾಟಸ್ಥ್ಯ. ಹಿಂದಿನ ಬೆಂಚಿನ ಮೇಲೆ ಕುಳಿತರು. ಪಕ್ಕದಲ್ಲಿ ಗೊಲ್ಲಾಳಪ್ಪನವರು ಒಲೆಯ ಮೇಲಿಟ್ಟ ಹಾಲು ಕಾಯುವವರ ಹಾಗೆ ನನ್ನನ್ನೇ ನೋಡುತ್ತಿದ್ದರು. ನಾನು ಒಂದೂ ಜೋಕು ಮಾಡಲಿಲ್ಲ ಮಾಣಿಕಮ್ಮ, ನಿನ್ನಾಣೆ. ಕುಟುಂಬದಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ, ಮಕ್ಕಳ ಕರ್ತವ್ಯವೇನು ಎಲ್ಲ ಕೇಳಿದೆ. ಬಲಗೈಗಳು ಎದ್ದವು, ಉತ್ತರಗಳು ಉದುರಿದವು. ಕೊನೆಗೆ, "ಕುಟುಂಬ ಎಂದರೇನು?" ಎಂದೆ. ವರ್ಗದ ತುಂಬ ಬಲಗೈ. ಕಿಟಕಿಯ ಹತ್ತಿರ ಒಂದೇ ಒಂದು ಎಡಗೈ. ಮರೆಮ್ಮನದು.

ಸಾಹೇಬರಿಗೆ ಅದು ಹೇಗೆ ಕಂಡಿತೋ! ಬಲಗೈಗಳ ಕಾಡಿನಲ್ಲಿ ಅದೊಂದು ಬೇರೆ ಜಾತಿಯ ಗಿಡ ಅನ್ನಿಸಿರಬೇಕು. ಕೋಲು ಎತ್ತಿ ತೋರಿಸಿದರು: "ಆ ಬೇಟಿ ಹೇಳ್ಲಿ."

ಗೊಲ್ಲಾಳಪ್ಪನವರ ಹಾಲು ಉಕ್ಕಿತು. "ಸಾಹೇಬ್ರ, ಅದು ಹೊಸಾ ಹುಡುಗಿ…" ಎಂದರು. ಮರೆಮ್ಮ ಹೊಸಬಳಲ್ಲ. ಒಂದನೆಯ ಇಯತ್ತೆಯಿಂದ ಅದೇ ಕಿಟಕಿಯ ಹತ್ತಿರ ಕುಳಿತವಳು. ಅವಳಪ್ಪ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದಾನೆ, ಎಳ್ಳಮಾಸಿಗೊಮ್ಮೆ, ಯುಗಾದಿಗೊಮ್ಮೆ ಊರಿಗೆ ಬರುತ್ತಾನೆ.

ಎದ್ದು ನಿಂತಳು. ಎಡಗೈ ಇನ್ನೂ ಮೇಲೇ ಇತ್ತು.

"ಕೈ ಇಳಸು ಬೇಟಿ. ನಿನಗ ಬರಂಗಿಲ್ಲೇನು?"

"ಬರ್ತದರಿ. ಆದ್ರ ಬುಕ್ಕಿನಾಗಿಂದು ಖರೇ ಅನಸಲ್ಲರಿ."

"ಯಾಕ?"

"ಬುಕ್ಕಿನ ಪರಕಾರ ನಮ್ಮಪ್ಪ ನಮ್ಮ ಕುಟುಂಬದಾಗ ಇಲ್ಲರಿ. ಅಂವ ಶಾಬಾದದಾಗ ಅದಾನ. ಆದ್ರ ನಮ್ಮವ್ವ ದಿನಾ ಎಲ್ಲಾರ ತಾಟು ತೊಳಿಯಾಗ ಅಪ್ಪನ ತಾಟೂ ತೊಳೀತಾಳ್ರಿ. ಅದರಾಗ ಯಾರೂ ಉಂಡಿರಂಗಿಲ್ಲ. ಆದ್ರೂ ತೊಳೀತಾಳ."

"ಉಣ್ಣದ ತಾಟು ಯಾಕ ತೊಳೀಬೇಕು?"

"ನಾನೂ ಕೇಳಿದ್ದೆರಿ. ಅಂವ ಬಂದಾಗ ತಾಟಿನ ಧೂಳ ಕೊಡವಿ ಕೊಡಬಾರದಂತರಿ. ಮುಂಜಾನಿ ಕೆಲಸಕ್ಕ ಹೋಗಿ ಈಗ ಬಂದವರಂಗ ಕುಂತು ಉಣ್ಣಬೇಕಂತ." ಯಾರೂ ಕೇಳದೆ ತಾನೇ ಹೇಳಿದಳು: "ಯಾರ ತಾಟು ದಿನಾ ತೊಳೀತಾರೋ ಅವರೆಲ್ಲಾ ಕುಟುಂಬರಿ."

ಆಮೇಲೆ ವರ್ಗ ನನ್ನ ಕೈಯಲ್ಲಿ ಉಳಿಯಲಿಲ್ಲ. ಬಲಗೈಗಳೆಲ್ಲ ಇಳಿದವು, ಬಾಯಿಗಳು ಎದ್ದವು. "ನಮ್ಮಣ್ಣ ಹೈದರಾಬಾದದಾಗ ಅದಾನ್ರಿ, ಅವನ ತಾಟೂ ತೊಳೀತಾರ!" "ನಮ್ಮ ಮನ್ಯಾಗ ಸತ್ತ ಮುತ್ಯಾಂದೂ ತೊಳೀತಾರ್ರಿ!" ಒಬ್ಬಾಕೆ ಅಳುಮೋರೆ ಮಾಡಿ, "ನಮ್ಮನ್ಯಾಗ ಇರೋವೇ ಎರಡು ತಾಟರಿ, ಪಾಳಿ ಮ್ಯಾಲೆ ಉಣ್ತೀವಿ. ನಾವು ಕುಟುಂಬ ಹೌದೋ ಅಲ್ಲೋ?" ಎಂದು ಕೇಳಿದಳು. ಹೌದವ್ವ, ಎಲ್ಲರಿಗಿಂತ ಗಟ್ಟಿ ಕುಟುಂಬ ನಿಮ್ಮದೇ ಎಂದೆ.

ಸಾಹೇಬರ ತಾಟಸ್ಥ್ಯ ಒಂದು ತಾಟಿಗೆ ಸೋತಿತು. ಮೀಸೆಯ ಕೆಳಗೆ ನಗು ಕಂಡಿತು. "ಮತ್ತ ನಿಮ್ಮ ಮಾಸ್ತರ ತಾಟು ಯಾರು ತೊಳೀತಾರ?" ಎಂದರು.

"ಇಲ್ಲಿ ಇಮಾಮ್ಬೀ ಖಾಲಾ ತೊಳೀತಾಳ್ರಿ. ವಾಡಿಯಾಗ ತೊಳೀತಾರೋ ಇಲ್ಲೋ, ನಮಗ ಗೊತ್ತಿಲ್ಲರಿ" ಎಂದಳು ಮರೆಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು. "ವಾಡಿಯಾಗ ತೊಳದು ತೊಳದು ತಾಟು ತೆಳ್ಳಗಾಗೇದವ್ವ, ಆಚೀಕಡಿಂದು ಕಾಣಸ್ತದ" ಎಂದೆ. ಅಷ್ಟು ಹೊತ್ತು ಬಿಗಿ ಹಿಡಿದ ಬಾಯಿ, ಅಲ್ಲಿ ಸಡಿಲಾಯಿತು. ಗೊಲ್ಲಾಳಪ್ಪನವರೂ ನಕ್ಕರು.

ಚಹಾ ಕುಡಿಯುವಾಗ ಸಾಹೇಬರು ಬಸಿ ಕೆಳಗಿಟ್ಟು ಹೇಳಿದರು: "ಮಾಸ್ತರ, ಖರೇ ಹೇಳ್ತೀನಿ. ನಿಮ್ಮ ಹೆಸರು ವಾಡಿಗಿ ಬರಕೊಂಡು ಹೋಗಬೇಕಂತಲೇ ಬಂದಿದ್ದೆ. ಈಗ ಮನಸು ಬರವಲ್ದು. ಇಷ್ಟು ಊರು ತಿರುಗೀನಿ, ಸಾಹೇಬ್ರ ಮುಂದ ಬುಕ್ಕು ತಪ್ಪದ ಅಂತ ಹೇಳೋ ಪೋರಿ ಎಲ್ಲೂ ಸಿಕ್ಕಿದ್ದಿಲ್ಲ. ಹಂಗ ಹೇಳೋ ಧೈರ್ಯ ಕೊಟ್ಟಾವ್ರು ನೀವು. ಈ ಪೋರಗೋಳಿಗೆ ನೀವು ಇನ್ನೊಂದೆರಡು ವರ್ಷ ಬೇಕ್ರಿ. ವಾಡಿಗಿ ಯಾರಾದ್ರೂ ಹೋಗ್ತಾರ, ಇಲ್ಲಿಗಿ ಯಾರು ಬರ್ತಾರ?"

ನೋಡಿದೆಯಾ! ಪಾಠ ಕೆಟ್ಟಿದ್ದರೆ ವಾಡಿಗೆ ಲಾಯಕ್ಕಿಲ್ಲ ಎನ್ನುತ್ತಿದ್ದರು, ಚೆನ್ನಾಗಿ ಆದದ್ದಕ್ಕೆ ಕುಂಚಾವರಂಗೆ ಲಾಯಕ್ಕು ಎಂದರು. ನಾನು ಹೇಳದೆ ಬಿಡಲಿಲ್ಲ. "ಸಾಹೇಬ್ರ, ನನಗೂ ಒಬ್ಬಾಕಿ ಪೋರಿ ಅದಾಳ್ರಿ, ವಾಡಿಯಾಗ. ಆಕಿಗೂ ಮಾಸ್ತರ ಬೇಕಾಗ್ಯಾರ" ಎಂದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕ್ಯಾ ಬಾತ್, ಮಾತ್ನಾಗ ನಿಮ್ಮನ್ನ ಗೆಲ್ಲೋರು ಯಾರ್ರಿ!" ಎಂದರು. ಗೊಲ್ಲಾಳಪ್ಪನವರು, "ಇವ್ರು ಹಿಂಗೇರಿ ಸಾಹೇಬ್ರ, ಭಾಳ ತಮಾಷಿ ಮನುಷ್ಯ" ಎಂದರು. ಜೀವಮಾನವೆಲ್ಲ ನಗಿಸುತ್ತ ಬಂದವನು ಒಂದು ದಿನ ಬೇರೆ ಮಾತಾಡಿದರೆ ಜನ ಅದಕ್ಕೂ ನಗುತ್ತಾರೆ. ಅವರದೇನೂ ತಪ್ಪಿಲ್ಲ.

ಜೀಪು ಹತ್ತುವಾಗ ಸಾಹೇಬರು ನನ್ನನ್ನು ಬದಿಗೆ ಕರೆದು ಮೆಲ್ಲಗೆ, "ನಮ್ಮ ಮನೀವ್ರು ಬೀದರದಾಗ ಅದಾರ. ನಂದೂ ತೊಳೀತಾರೋ ಏನೋ, ಕೇಳಬೇಕು" ಎಂದರು. ಅವರು ತಮಾಷೆ ಮಾಡುವವರಲ್ಲ, ಹಾಗಾಗಿ ನಾನು ನಗಲಿಲ್ಲ.

ಸಂಜೆ ಇಮಾಮ್ಬೀಗೆ ಇದೆಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. "ಅದ್ರಾಗೇನದ ಮಾಸ್ತರ? ನೀವು ರಜಾಕ್ಕ ವಾಡಿಗಿ ಹೋದಾಗೂ ನಿಮ್ದು ತೊಳೀತೀನಲ್ಲ. ಎಷ್ಟು ದಿನದಿಂದ ಉಣ್ಣಾಕತ್ತೀರಿ, ನೋಡಿಲ್ಲೇನು?" ಎಂದಳು. ನೋಡಿರಲಿಲ್ಲ. ಮರೆಮ್ಮನ ವ್ಯಾಖ್ಯೆಯ ಪ್ರಕಾರ ನಾನೀಗ ಇಮಾಮ್ಬೀಯ ಕುಟುಂಬದವನೂ ಹೌದು. ಆದ್ದರಿಂದ ನಿನಗೊಬ್ಬಳು ಅತ್ತೆ ಹೆಚ್ಚಾದಳು, ಹುಷಾರು.

ಮರುದಿನ ಬೋರ್ಡಿನ ಮೇಲಿನ ಹಳೆಯ ಸಾಲು ಅಳಿಸಿ ಮರೆಮ್ಮನ ಸಾಲನ್ನು ಬರೆಸಿದೆ. ಪರೀಕ್ಷೆಯಲ್ಲಿ ಪುಸ್ತಕದ್ದನ್ನೇ ಬರೀರಿ, ಮನೆಯಲ್ಲಿ ಇದನ್ನು ನೆನಪಿಡ್ರಿ ಎಂದೆ. ಗೊಲ್ಲಾಳಪ್ಪನವರು ಬಾಗಿಲಲ್ಲಿ ನಿಂತು ನೋಡಿ ತಮ್ಮ ಕೋಣೆಗೆ ಹೋದರು.

ಹಾಗಾಗಿ ಜೂನಿಗೆ ನಾನು ಬರುವುದಿಲ್ಲ. ಈ ವಾಕ್ಯವನ್ನು ಮೇಲೆಯೇ ಬರೆಯಬೇಕಿತ್ತು. ಅದಕ್ಕೆ ಒಳ್ಳೆಯ ಜಾಗ ಸಿಗದೆ ಇಲ್ಲಿಯವರೆಗೆ ನಡೆಸಿಕೊಂಡು ಬಂದೆ. ಕಾಯಿ ವ್ಯರ್ಥವಾಯಿತೆಂದು ಹಣಮಪ್ಪನ ಮೇಲೆ ಸಿಟ್ಟಾಗಬೇಡ. ಶಿವರಾತ್ರಿಗೆ ಎರಡು ದಿನ ರಜೆ ಇದೆ. ಚಿಂಚೋಳಿಯಿಂದ ಬಸ್ಸು, ಸೇಡಂದಿಂದ ರೈಲು ಹಿಡಿದು ಸಂಜೆಗೆ ತಲುಪುತ್ತೇನೆ. ನಿನ್ನ ಶಾಲೆಯಲ್ಲಿ ನೀನು ಕಲಿಸುವ ಹುಡುಗಿಯರಿಗೂ ಮರೆಮ್ಮನ ಮಾತು ಹೇಳು. ನೀಲೂಗೆ ಒಳ್ಳೆಯದಾಗಲಿ, ಪಾಠ ಹೇಳಿ ಹೇಳಿ ಬಂದ ನಿನ್ನ ಗಂಟಲು ನೋವು ಬೇಗ ವಾಸಿಯಾಗಲಿ, ನಿಮ್ಮವ್ವನ ಮೊಣಕಾಲಿಗೆ ಬಲ ಬರಲಿ.

ನಿನ್ನ
ಅಂಬರಾಯ

ತಾಜಾ ಕಲಂ: ದೀಪಾವಳಿಯ ಸ್ಟೀಲಿನ ತಾಟಿನ ಬಗ್ಗೆ ಹೋದ ಕಾಗದದಲ್ಲಿ ತಮಾಷೆ ಬರೆದಿದ್ದೆ. ಅವತ್ತು ಉಂಡು ನೀರು ತರಲೆಂದು ಅಡುಗೆಮನೆಗೆ ಬಂದಾಗ, ನಮ್ಮ ಮದುವೆಯಲ್ಲಿ ನಿಮ್ಮಪ್ಪ 'ಅಂ' ಎಂದು ನನ್ನ ಹೆಸರಿನ ಅಕ್ಷರವನ್ನು ಚುಕ್ಕೆ ಹೊಡೆಸಿ ಕೊಟ್ಟ ನನ್ನ ಹಿತ್ತಾಳೆ ತಾಟು ಜೋಳದ ಹಿಟ್ಟಿನ ಡಬ್ಬಿಗೆ ಮುಚ್ಚಳವಾಗಿರುವುದನ್ನು ಕಂಡೆ. ಸ್ಟೀಲಿನದು ಬಂದು ಹೋಗುವ ಅತಿಥಿಗಳಿಗೆಂದು, ಪಾವಣ್ಯಾರಿಗೆಂದು ತಂದದ್ದು. ನೀಲೂ ನಿನ್ನ ಸೆರಗು ಹಿಡಿದು, "ಅವ್ವಾ, ಪಾವಣ್ಯಾರು ಯಾವಾಗ ಹೋಗ್ತಾರ?" ಎಂದಳು. ನೀನು ಅವಳ ಬಾಯಿ ಮುಚ್ಚಿದೆ. ನನಗೆ ಕೇಳಿಸಿತ್ತು. ಹೊರಗೆ ಬಂದು ಏನೋ ಒಂದು ಹೇಳಿ ನಿಮ್ಮನ್ನೆಲ್ಲ ನಗಿಸಿದೆ. ನಿನ್ನದೇನೂ ತಪ್ಪಿಲ್ಲ ಮಾಣಿಕಮ್ಮ, ಡಬ್ಬಿಗೆ ಮುಚ್ಚಳ ಬೇಕಿತ್ತು, ತಾಟು ಖಾಲಿ ಇತ್ತು. ಬರುವಾಗ ಚಿಂಚೋಳಿಯಲ್ಲಿ ಒಂದು ಮುಚ್ಚಳ ತರುತ್ತೇನೆ. ಅಲ್ಲಿಯವರೆಗೆ ಡಬ್ಬಿಗೆ ಈ ಕಾಗದವನ್ನೇ ಮುಚ್ಚು. ತಾಟನ್ನು ದಿನಾ ತೊಳೆ. ನೀಲೂ ಕೈಯಿಂದ ತೊಳೆಸು. ಯಾರದೆಂದು ಕೇಳುತ್ತಾಳೆ, ಹೇಳು.