ಕಾಣೆಯಾದ ಗಾಜಿನ ಮುಚ್ಚಳ

ಬ್ಯಾಡಗಿ,
ಗುರುವಾರ, ೧೨ ಫೆಬ್ರುವರಿ ೨೦೨೬

ಚಿ. ಸೌ. ಪುಷ್ಪಲತಾಳಿಗೆ ಬ್ಯಾಡಗಿಯಿಂದ ನಿನ್ನ ಅಪ್ಪ ಆಶೀರ್ವಾದ ಮಾಡಿ ಬರೆಯುವುದು. ನಾನು ಇಲ್ಲಿ ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ. ಆದರೆ ಚೆನ್ನಾಗಿಲ್ಲ. ಮೈಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಮನಸ್ಸಿನಲ್ಲಿ ಒಂದು ಡೌಟ್ ಹೊಕ್ಕು ಕೂತಿದೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ನೀನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವಳು, ಪಕ್ಕದಲ್ಲಿ ಅಳಿಯಂದಿರು ಕೂತಿರುತ್ತಾರೆ. ಇದು ಕಾನ್ಫಿಡೆನ್ಶಿಯಲ್. ಅದಕ್ಕೇ ಡಾಕಪ್ಪನ ಟೆಂಪೋದಲ್ಲಿ ರೊಟ್ಟಿಯ ಚೀಲದ ಜೊತೆಗೆ ರಾಣೆಬೆನ್ನೂರಿಗೆ, ನಿನ್ನ ಆಫೀಸಿಗೇ ಕಳಿಸುತ್ತಿದ್ದೇನೆ. ಅವನು ಬೀಜದ ಕಂಪನಿಗಳಿಗೆ ದಿನಾ ಬಾಡಿಗೆ ಹೊಡೆಯುವವ, ನಿನ್ನ ಗೇಟು ಅವನಿಗೆ ಗೊತ್ತು. ಚೀಲವನ್ನು ನೀನೇ ಕೈಯಾರೆ ತೆಗೆದುಕೊ. ಕುಕ್ಕಬೇಡ. ಪತ್ರ ಓದಿ ಮುಗಿಯುವವರೆಗೆ ತಳಕ್ಕೆ ಕೈ ಹಾಕಬೇಡ. ರೊಟ್ಟಿ ಪಕ್ಕದ ಮನೆಯ ಶೈಲಾ ಬಡಿದದ್ದು, ನಾನು ಬಡಿದದ್ದಲ್ಲ, ಧೈರ್ಯವಾಗಿ ತಿನ್ನು.

ಟು ದಿ ಪಾಯಿಂಟ್ ಬರುತ್ತೇನೆ. ನಮ್ಮ ಹಿತ್ತಲ ಗೋದಾಮಿನಲ್ಲಿ ನಿನ್ನ ಗಂಡ ಏನು ಮಾಡುತ್ತಿದ್ದಾರೆ?

ದೀಪಾವಳಿಗೆ ಬಂದಾಗ ಅವರು ಕೀಲಿ ಕೇಳಿದರು, ಕೊಟ್ಟೆ. ಮೆಣಸಿನಕಾಯಿ ದಲಾಲಿ ಬಿಟ್ಟ ಮೇಲೆ ಅದು ಖಾಲಿಯೇ ಬಿದ್ದಿತ್ತು. ಏನು ಕೆಲಸ ಎಂದು ಕೇಳಿದ್ದಕ್ಕೆ, "ಒಂದು ಸಣ್ಣ ಪ್ರಯೋಗ ಐತ್ರಿ ಮಾವಾರ, ಆದ ಮ್ಯಾಲ ಹೇಳ್ತೇನಿ" ಅಂದರು. ವಿಜಯಮಹಾಂತೇಶ ಎಂಬ ಇಷ್ಟುದ್ದದ ಹೆಸರಿನ ಮನುಷ್ಯ ಇಷ್ಟು ಗಿಡ್ಡ ಉತ್ತರ ಕೊಟ್ಟರೆ ಸಂಶಯ ಬರುವುದಿಲ್ಲವೇ?

ಸಂಕ್ರಾಂತಿ ಕಳೆದ ಮೇಲೆ ಪಾರ್ಸೆಲ್ ಬಂತು. ಇಳಿಸಿಕೊಂಡವನು ನಾನೇ, ಬಿಚ್ಚಿದವರು ಅವರು. ಸಾರಿನ ಡಬರಿಯಂಥ ದಪ್ಪ ಸ್ಟೀಲ್ ಪಾತ್ರೆ, ಹೆಬ್ಬೆರಳು ದಪ್ಪದ ಗಾಜಿನ ಮುಚ್ಚಳ, ಎರಡರ ನಡುವೆ ರಬ್ಬರ್ ಬಳೆ, ಗಡಿಯಾರದಂಥ ಮೀಟರ್, ಗಾಳಿ ಎಳೆಯುವ ಒಂದು ಪಂಪು. ಅವರು ಊಟಕ್ಕೆ ಹೋದಾಗ ಅದರ ಫೋಟೊ ಹೊಡೆದು ಫೋನಿನಲ್ಲಿ ಹುಡುಕಿದೆ. ಅಷ್ಟು ಕಲಿತಿದ್ದೇನೆ. ಬಂದ ಪುಟಪುಟದಲ್ಲೂ ಹಸಿರು ಎಲೆ, ಕೈಬೆರಳು ಅಗಲಿಸಿದಂಥ ಎಲೆ. ಹಾವೇರಿ ಕಾಲೇಜಿನ ಇಂಗ್ಲಿಷು ಈಗ ಅರ್ಧವೇ ಉಳಿದಿದ್ದರೂ ಅಷ್ಟು ತಿಳಿಯಿತು. ಪರದೇಶದಲ್ಲಿ ಗಾಂಜಾದ ಎಣ್ಣೆ ತೆಗೆಯುವವರು ಇಂಥದೇ ಪಾತ್ರೆ ಕೊಳ್ಳುತ್ತಾರಂತೆ. ಎಲೆಯಿಂದ ಎಣ್ಣೆ ಬಿಡಿಸಲು ಹಾಕಿದ ದ್ರಾವಣ ಎಣ್ಣೆಯಲ್ಲೇ ಉಳಿದಿರುತ್ತದೆ. ಪಾತ್ರೆಯ ಗಾಳಿ ಎಳೆದರೆ ಆ ದ್ರಾವಣ ಉಗುರುಬೆಚ್ಚಗಿದ್ದಾಗಲೇ ಕುದಿದು ಹಾರಿಹೋಗುತ್ತದೆ, ಎಣ್ಣೆ ಸುಡುವುದಿಲ್ಲ. ಇದನ್ನು ಫಿಸಿಕ್ಸಿನಲ್ಲಿ ನಾನೂ ಓದಿದ್ದೆ. ದೇರ್‌ಫೋರ್, ಎಂದುಕೊಂಡೆ. ಆ ದೇರ್‌ಫೋರ್ ಆದ ಮೇಲಿನದನ್ನು ಬರೆಯಲು ಕೈ ಬರುತ್ತಿಲ್ಲ.

ಮೂಗು ಇದ್ದಿದ್ದರೆ ಒಂದು ಸಲ ಒಳಗೆ ಹೋಗಿ ಮೂಸಿ ಬಂದು ಮುಗಿಸುತ್ತಿದ್ದೆ. ಆ ಕೊರೊನಾ ಜ್ವರ ನಿನ್ನ ಅವ್ವನನ್ನು ಒಯ್ದಾಗ ನನ್ನ ಮೂಗನ್ನೂ ಒಯ್ದದ್ದು ನಿನಗೆ ಗೊತ್ತೇ ಇದೆ. ಈಗ ಅತ್ತರಿಗೂ ಸಗಣಿಗೂ ಫರಕು ತಿಳಿಯುವುದಿಲ್ಲ. ಕೆಮ್ಮು ಬರುತ್ತದೆ, ಆದರೆ ಈ ಸೀಜನ್ನಿನಲ್ಲಿ ಊರೇ ಕೆಮ್ಮುತ್ತದೆ, ಅದೇನು ಸಾಕ್ಷಿ?

ಹಿತ್ತಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುವ ಗುಲಾಬಬಿಯನ್ನು ಕೇಳಿದೆ. ಅಳಿಯಂದಿರು ತನ್ನ ಹತ್ತಿರ ಒಡಕು ಮೆಣಸಿನಕಾಯಿಯನ್ನು ಬುಟ್ಟಿಗಟ್ಟಲೆ ಒಯ್ಯುತ್ತಾರೆ, ಒಳಗೆ ನಡೆದದ್ದೆಲ್ಲ ಅದೇ ಎಂದಳು. ನನ್ನ ಸಂಶಯ ಇನ್ನೂ ಗಟ್ಟಿಯಾಯಿತು. ಪೊಲೀಸರ ನಾಯಿ ಬಂದರೆ ಏನು ಮಾಡುತ್ತದೆ? ಮೂಸುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹರವಿಟ್ಟರೆ ಯಾವ ನಾಯಿ ಮೂಸೀತು? ನಾನೇ ಕಳ್ಳನಾಗಿದ್ದರೂ ಹೀಗೇ ಮಾಡುತ್ತಿದ್ದೆ.

ನೀವಿಬ್ಬರೂ ರವಿವಾರಕ್ಕೊಮ್ಮೆ ಬರುತ್ತೀರಲ್ಲ, ಈ ತಿಂಗಳ ಮೊದಲ ರವಿವಾರ ಗೋದಾಮಿನ ಕಿಟಕಿಯಿಂದ ನೋಡಿದೆ. ಗಾಜಿನ ಕೆಳಗೆ ಕೆಂಪು ನೊರೆ ಹಾಲು ಉಕ್ಕಿದಂತೆ ಏಳುತ್ತಿತ್ತು. ಗುರುತು ಸಿಗದಿರಲೆಂದು ಬಣ್ಣ ಬೆರೆಸಿದ್ದಾರೆ ಎಂದುಕೊಂಡೆ. ನೀನು ಮಾಸ್ಕು ಕಟ್ಟಿ, ಮುಚ್ಚಳಕ್ಕೆ ಮುಖ ತಾಗುವಷ್ಟು ಬಗ್ಗಿ ನೋಡುತ್ತಿದ್ದೆ. ನಗುತ್ತಿದ್ದೆ.

ಅದರ ಮರುದಿನದಿಂದ ಗಾಜಿನ ಮುಚ್ಚಳ ಕಾಣೆಯಾಗಿದೆ. ಹೇಗೆ ಹೋಯಿತೋ. ಕಳೆದ ರವಿವಾರ ಅಳಿಯಂದಿರು ಬಹಳ ಹುಡುಕಿದರು. ಗೋದಾಮಿನ ಕಡೆ ಯಾರು ಯಾರು ಬರುತ್ತಾರೆ ಎಂದು ನನ್ನನ್ನು ಕೇಳಿದರು. ಗುಲಾಬಬಿ ಬರುತ್ತಾಳೆ ಎಂದೆ. ಸುಳ್ಳೇನಲ್ಲ. ಅವರು ಅವಳನ್ನು ಮೆತ್ತಗೇ ವಿಚಾರಿಸಿದರು, ಆದರೂ ಕೇಳಿದ್ದು ಕೇಳಿದ್ದೇ ತಾನೆ? "ಆ ಗಾಜ ಒಯ್ದು ಅದರ ಮ್ಯಾಲ ನಾ ಏನ್ ರೊಟ್ಟಿ ಬಡೀಲೇನ್ರಿ?" ಎಂದು ಅವಳು ನನ್ನ ಮುಖ ನೋಡಿದಳು. ಸೋಮವಾರದಿಂದ ಕೆಲಸಕ್ಕೆ ಬಂದಿಲ್ಲ.

ಈಗ ಅಸಲು ವಿಷಯ. ನಿನ್ನೆ ಡಾಕಪ್ಪ ಅಳಿಯಂದಿರು ಕೊಟ್ಟರೆಂದು ಒಂದು ಹೊಸ ಮುಚ್ಚಳ ತಂದಿಟ್ಟ. ಗಾಜಲ್ಲ, ಪ್ಲಾಸ್ಟಿಕ್ಕು. ಅಂಗಡಿಯ ಬೋರ್ಡು ಮಾಡುವವರ ಹತ್ತಿರ ದುಂಡಗೆ ಕೊಯ್ಯಿಸಿದ್ದಂತೆ. ಹೊಸ ಗಾಜು ತರಿಸಲು ತಡ, ದುಬಾರಿ. ಬರುವ ರವಿವಾರ ಇದರಲ್ಲೇ ಸಾಗಿಸೋಣ ಎಂದು ಹೇಳಿ ಕಳಿಸಿದ್ದಾರೆ.

ಪುಷ್ಪಾ, ಆ ಎಲೆಯ ಪುಟಗಳಲ್ಲಿ ನಾನು ಪದೇ ಪದೇ ಓದಿದ ಎಚ್ಚರಿಕೆ ಇದೊಂದೇ. ಅಗ್ಗಕ್ಕೆ ಸಿಗುತ್ತದೆಂದು ಪ್ಲಾಸ್ಟಿಕ್ ಮುಚ್ಚಳ ಕೊಳ್ಳಬೇಡಿ. ದ್ರಾವಣದ ಆವಿ ತಾಗಿದರೆ ಅದರಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಗಾಳಿ ಎಳೆದಾಗ ಒಮ್ಮೆಲೇ ಒಡೆಯುತ್ತದೆ. ನಂಬಿಕೆ ಬರಲಿಲ್ಲ. ನೀನು ಶಾಲೆಗೆ ಒಯ್ಯುತ್ತಿದ್ದ ಪಾರದರ್ಶಕ ಅಳತೆಪಟ್ಟಿ ಇನ್ನೂ ಕಪಾಟಿನಲ್ಲಿತ್ತು. ನನ್ನ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಗೋದಾಮು ತೆಗೆದು, ಅಲ್ಲಿ ಕ್ಯಾನಿನಲ್ಲಿಟ್ಟಿದ್ದ ಅವರ ದ್ರಾವಣ ಅದರ ಮೇಲೆ ಒಂದಿಷ್ಟು ಹನಿಸಿ ಬಿಸಿಲಿಗಿಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಬೆಳ್ಳಗಾಗಿ, ಜಿಗಟಾಗಿ, ನಿನ್ನ ಹೆಸರು ಕೆತ್ತಿದ ಜಾಗದಲ್ಲಿ ಬಗ್ಗಿಸಿದರೆ ಪಟ್ಟನೆ ಮುರಿಯಿತು. ಎರಡೂ ತುಂಡು ಚೀಲದಲ್ಲಿವೆ, ನೋಡು. ರವಿವಾರ ನೀನು ಮುಖ ಇಟ್ಟು ಬಗ್ಗುವುದು ಅಂಥದರ ಮೇಲೆ.

ಪಾತ್ರೆ ಆರಿಸಿದ್ದರಲ್ಲಿ ಅವರು ತಪ್ಪು ಮಾಡಿಲ್ಲ, ಅದನ್ನೂ ಹೇಳಬೇಕು. ಹಳೇ ಕುಕ್ಕರಿಗೆ ತೂತು ಕೊರೆದು ಜುಗಾಡ ಮಾಡಲಿಲ್ಲ, ದೊಡ್ಡಸ್ತಿಕೆಗೆ ದೊಡ್ಡದನ್ನೂ ತರಿಸಲಿಲ್ಲ. ಆದರೆ ಮುಚ್ಚಳ ಗಾಜಿನದೇ ಆಗಬೇಕು, ಅಂಚು ಒಡೆದಿರಬಾರದು. ಪಂಪು ಹೊರಬಿಡುವ ಗಾಳಿಗೆ ಪೈಪು ಹಾಕಿ ಕಿಟಕಿಯಾಚೆ ಬಿಡಿಸು, ಅದು ಬೆಂಕಿ ಹಿಡಿಯುವಂಥ ಆವಿ. ಗೋದಾಮಿನಲ್ಲಿ ಒಲೆ, ಊದಿನಕಡ್ಡಿ ಯಾವುದೂ ಬೇಡ.

ಒಳಗಿರುವುದು ಗಾಂಜಾವೇ ಆಗಿದ್ದರೆ ನಿನ್ನ ಗಂಡನ ಜೊತೆ ಬೇರೆ ಜಗಳ ಆಡುತ್ತೇನೆ. ಜಗಳ ಆಡಲು ಅವರಿಗೆ ಮುಖ ಇರಬೇಕು, ನೋಡಲು ನಿನಗೆ ಕಣ್ಣು ಇರಬೇಕು. ಮೊದಲು ಅದು.

ಸಂಶಯದಲ್ಲೇ ಹಣ್ಣಾಗುತ್ತಿರುವ ನಿನ್ನ ಅಪ್ಪ,
ಶೇಖಪ್ಪ

ತಾ.ಕ.: ಶುಕ್ರವಾರ ಮುಂಜಾನೆ. ಚೀಲದ ತಳದಲ್ಲಿ ನಿನ್ನ ಅವ್ವನ ಇಳಕಲ್ ಸೀರೆಯಲ್ಲಿ ಸುತ್ತಿ ಇಟ್ಟದ್ದು ಆ ಗಾಜಿನ ಮುಚ್ಚಳ. ತೆಗೆದು ಟ್ರಂಕಿನಲ್ಲಿ ಮುಚ್ಚಿಟ್ಟವನು ನಾನು. ಅದಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂದುಕೊಂಡಿದ್ದೆ, ಪ್ಲಾಸ್ಟಿಕ್ ಬಂದೀತೆಂದು ಹೊಳೆಯಲಿಲ್ಲ. ಈಗ ಸುತ್ತುವ ಮುಂಚೆ ಅದರ ಒಳಮೈಗೆ ಅಂಟಿದ್ದ ಕೆಂಪು ಜಿಗಟನ್ನು ಹೆಬ್ಬೆರಳಿನಿಂದ ತಿಕ್ಕಿದೆ. ಸೀರೆ ಮಡಚುವಾಗ ಕಣ್ಣು ತೇವವಾಯಿತು, ಅದೇ ಬೆರಳಿನಿಂದ ಒರೆಸಿಕೊಂಡೆ. ಜೀವಮಾನವೆಲ್ಲ ದಲಾಲಿ ಮಾಡಿದವನ ಕಣ್ಣು ಆ ಉರಿಯನ್ನು ಮರೆಯುವುದಿಲ್ಲ. ಅದು ನಮ್ಮ ಮೆಣಸಿನಕಾಯಿಯೇ. ದೊಡ್ಡ ಕಾರ್ಖಾನೆಯವರು ಅದರಿಂದ ತೆಗೆಯುವ ಬಣ್ಣದೆಣ್ಣೆಯನ್ನು ನಿನ್ನ ಗಂಡ ಗೋದಾಮಿನಲ್ಲಿ ತೆಗೆಯುತ್ತಿದ್ದಾರೆ.

ಒಂದು ಕಣ್ಣು ಮುಚ್ಚಿಕೊಂಡೇ ಗುಲಾಬಬಿಯ ಮನೆಗೆ ಹೋಗಿ ಮುಚ್ಚಳ ತೆಗೆದವನು ನಾನೆಂದು ಹೇಳಿ ಬಂದೆ. ಒಳಗೆ ಕರೆಯಲಿಲ್ಲ. "ಮೆಣಸಿನಕಾಯಿ ಅಂತ ಅವತ್ತ ಹೇಳಿದ್ನೆಲ್ರಿ. ನಿಮ್ಮ ಮೂಗ ಸತ್ತದ್ದು ಗೊತ್ತಿತ್ತು, ಕಿವಿನೂ ಸತ್ತಾವ ಅಂತ ಗೊತ್ತಿದ್ದಿಲ್ಲ" ಅಂದಳು. ನಾಳೆ ಬರುತ್ತಾಳೋ ಇಲ್ಲವೋ ಹೇಳಲಿಲ್ಲ.

ಈ ಪತ್ರವನ್ನು ಅಳಿಯಂದಿರಿಗೂ ಓದಲು ಕೊಡು, ಇಷ್ಟೂ ಸೇರಿಸಿ. ಸೀರೆಗೆ ಕೆಂಪು ಹತ್ತಿದೆ. ಬಿಚ್ಚಿದ ಕೈಯಿಂದ ಕಣ್ಣು ಮುಟ್ಟಿಕೊಳ್ಳಬೇಡ.