ಬೀಗರಾಗುವವರ ಮುಂದೆ ಆಡಿದ ಅವತಾರದ ಮಾತು

ಅಕ್ಕಾ,

ತಲುಪಿದೆ. ಕೆಮ್ಮೊಂದು ಬಿಟ್ಟರೆ ಆರಾಮ. ನಿನ್ನ ಮಗಳು ಮೆಚ್ಚಿದ ಹುಡುಗನಲ್ಲಿ ಕೊಂಕಿಲ್ಲ, ಕೊಂಕು ನನ್ನ ನಾಲಿಗೆಯದು. ಅವನ ತಂದೆ ಸಿಖ್ ಸರದಾರರು; ಅವರ ಲಾರಿ ರಿಪೇರಿ ಶೆಡ್ಡಿನಲ್ಲಿ ಸಿಖ್ಖರ ಗುರುವಿನ ಪಟ ಕಂಡು ಬೆಣ್ಣೆ ಹಚ್ಚಲು ಹೋದೆ: “ಇವರೂ ನಮ್ಮ ವಿಷ್ಣುವಿನ ಅವತಾರವೇ ಬಿಡಿ!”

ಅವರು ಸ್ಪ್ಯಾನರ್ ಕೆಳಗಿಟ್ಟರು. “ಗುರು ದಾರಿ ತೋರಿಸಿದೋರು ಸ್ವಾಮಿ, ದೇವರಲ್ಲ. ದೇವರು ಹುಟ್ಟೋದೂ ಇಲ್ಲ, ಸಾಯೋದೂ ಇಲ್ಲ. ಎಲ್ಲಾ ಕಡೆ ಇರೋನು ಎಲ್ಲಿಂದ ಇಳಿದು ಬರ್ತಾನೆ?”

ಆಗ ಹುಡುಗನ ತಾಯಿ ಮೆಲ್ಲಗೆ ಕೇಳಿದರು: “ಹುಡುಗಿ ತನ್ನ ಕೃಷ್ಣನ್ನ ಬಿಟ್ಟು ಬರ್ತಾಳಾ, ಕರ್ಕೊಂಡು ಬರ್ತಾಳಾ?”

ಯಾವ ಮಾತಿಗೆ ಸಂಬಂಧ ಮುರಿಯುವುದೋ ಎಂದು ಹೆದರಿ, “ಅವಳನ್ನೇ ಕೇಳಿ ಹೇಳ್ತೀನಿ” ಎಂದು ಎದ್ದುಬಂದೆ. ಕೇಳಿ ಬೇಗ ಬರೆ. ಉತ್ತರ ಮಾತ್ರ ನೀನು ಹೇಳಿಕೊಡಬೇಡ.

ನಿನ್ನ ತಮ್ಮ