ಕುದುರೆಯ ಕೊರಳಿನ ಕಂದು ಚುಕ್ಕೆ

ರಾಮದುರ್ಗ
ಶನಿವಾರ, ೧೧ ಜನವರಿ ೨೦೨೫

ಪ್ರೀತಿಯ ಶರೂ,

ಮೊದಲು ನಿನ್ನ ಕಾಲಿನ ಸುದ್ದಿ ಬರೆ. ಹೊಸ ಬೂಟು ಕಚ್ಚಿ ಹಿಮ್ಮಡಿ ಸುಲಿದಿದೆ ಎಂದು ಹೋದ ಪತ್ರದಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ನಿನ್ನ ಅಮ್ಮ ಆ ಒಂದು ಸಾಲನ್ನೇ ಹಿಡಿದುಕೊಂಡು ಕೂತಿದ್ದಾಳೆ. ಕೊಬ್ಬರಿ ಎಣ್ಣೆಗೆ ಅರಿಶಿನ ಕಾಯಿಸಿ ಸೀಸೆ ತುಂಬಿ ಕಳಿಸುತ್ತೇನೆ ಎಂದಳು. ತರಬೇತಿ ಕೇಂದ್ರದವರು ಫೋನು ತೆಗೆದಿಟ್ಟುಕೊಂಡ ಹಾಗೆ ಸೀಸೆಯನ್ನೂ ತೆಗೆದಿಟ್ಟುಕೊಂಡಾರು ಎಂದು ನಾನೇ ತಡೆದೆ. ಬೆಳಿಗ್ಗೆ ಐದು ಕಿಲೋಮೀಟರ್ ಓಡಿದ ಮೇಲೆ ಹೊಟ್ಟೆ ತುಂಬ ಕೊಡುತ್ತಾರೆಯೇ? ಇಲ್ಲಿ ನಾವು ಆರಾಮ. ಅಜ್ಜಿಯ ಮೊಣಕಾಲು ಚಳಿಗೆ ಸ್ವಲ್ಪ ಬಿಗಿದಿದೆ, ಬಾಯಿ ಮಾತ್ರ ಮೊದಲಿನಂತೆಯೇ ಇದೆ. ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಗಳ ಗದ್ದಲ. ಮೊನ್ನೆ ಒಬ್ಬರ ಪತ್ರಿಕೆಯಲ್ಲಿ ಬೀಗರ ಊರನ್ನೇ ತಪ್ಪು ಜೋಡಿಸಿ ಇನ್ನೂರು ಪ್ರತಿ ಹರಿದು ಹಾಕಿದೆ. ತಲೆ ನೆಟ್ಟಗಿಲ್ಲ. ಯಾಕೆ ಎಂದು ಮುಂದೆ ಬರೆಯುತ್ತೇನೆ.

ಹೋಗುವ ಮುನ್ನ ನೀನು ಒಪ್ಪಿಸಿದ ಕೆಲಸ ಆಯಿತು. ಆಯಿತು ಎನ್ನಬಹುದೋ ಇಲ್ಲವೋ ನನಗೇ ತಿಳಿಯುತ್ತಿಲ್ಲ. ನೀನು ಕೂಡಿಟ್ಟ ರೆಕ್ಕೆಕುದುರೆಯ ಆಟದ ಕಾರ್ಡು, ಅದರ ಸ್ಥಿತಿ ನೋಡಿ ಅಂಕ ಕೊಡುವ ಮುಂಬೈಯ ಕಂಪನಿಯಿಂದ ಮರಳಿ ಬಂದಿದೆ. ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ಭದ್ರವಾಗಿ ಮುಚ್ಚಿದ್ದಾರೆ. ಮೇಲೆ ಅಂಕದ ಚೀಟಿ, ಹತ್ತಕ್ಕೆ ಆರು. “ಅಪ್ಪಾ, ಇದನ್ನ ಗ್ರೇಡಿಂಗಿಗೆ ಕಳಸ್ರಿ. ಒರಸಬ್ಯಾಡ್ರಿ, ಏನೂ ಹಚ್ಚಬ್ಯಾಡ್ರಿ” ಎಂದು ನೀನು ಬಸ್ಸು ಹತ್ತುವಾಗಲೂ ಹೇಳಿದ್ದೆ. ಯಾರಿಗಾದರೂ ಮಾರುತ್ತೀಯೇನೋ ಅಂದುಕೊಂಡು ನಾನು ಕಳಿಸಿದ್ದೆ. ಹತ್ತಕ್ಕೆ ಆರು ಎಂದರೆ ಪಾಸೋ ನಪಾಸೋ ಎಂದು ಅಮ್ಮ ಕೇಳಿದಳು. ನನಗೂ ಗೊತ್ತಿರಲಿಲ್ಲ.

ಜೊತೆಗೆ ಇಂಗ್ಲಿಷಿನ ಒಂದು ಹಾಳೆ ಇತ್ತು. ನಾಲ್ಕು ಸಲ ಓದಿದೆ. ಮೂಲೆಗಳು ಚೆನ್ನಾಗಿವೆ, ಅಂಚು ಸವೆದಿಲ್ಲ, ಚಿತ್ರ ಸರಿಯಾಗಿ ನಡುವೆ ಕೂತಿದೆ ಎಂದು ಅವಕ್ಕೆಲ್ಲ ಒಂಬತ್ತರ ಮೇಲೆ ಕೊಟ್ಟಿದ್ದಾರೆ. ಮೇಲ್ಮೈಗೆ ಮಾತ್ರ ಐದು. ಕಾರಣ ಕೆಳಗಿತ್ತು. ಕೊರಳಿನ ಹತ್ತಿರದ ಕಂದು ಚುಕ್ಕೆ ಹೊಳಪು ಪದರದ ಕೆಳಗಿದೆ, ಅದು ಮುದ್ರಣದ ದೋಷ. ಅದೇ ಜಾಗದಲ್ಲಿ ಹೊಳಪಿನ ಮೇಲೆ ಉಜ್ಜಿದ ಗುರುತುಗಳಿವೆ. ಹೊರಗಿನಿಂದ ಬಿದ್ದ ಕಲೆ: ಇಲ್ಲ.

ಇಲ್ಲ ಎಂದರೆ ಏನು? ಐದು ವರ್ಷದಿಂದ ಅದು ಚಹಾದ ಕಲೆ ಎಂದೇ ನಾನು ತಿಳಿದಿದ್ದೆನಲ್ಲ.

ಅಂದಿನದೆಲ್ಲ ನಿನಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ. ಆದರೂ ಬರೆಯದಿದ್ದರೆ ನನ್ನ ತಲೆಯೊಳಗೆ ಸರಿಯಾಗಿ ಕೂರುವುದಿಲ್ಲ. ನೀನೂ ನಿನ್ನ ಗೆಳತಿ, ಸುರೇಬಾನದ ರಾಣಿಯೂ ಒಂಬತ್ತನೆಯ ತರಗತಿಯಲ್ಲಿದ್ದಿರಿ. ಬೈಲಹೊಂಗಲದಲ್ಲಿ ಖೋ ಖೋ ಆಡಿ ಬರುವಾಗ ಯರಗಟ್ಟಿಯಲ್ಲಿ ಬಸ್ಸು ನಿಂತಿತ್ತು. ನೀವಿಬ್ಬರೂ ಒಂದೊಂದು ಕಾರ್ಡಿನ ಪೊಟ್ಟಣ ಕೊಂಡಿರಿ, ಇಬ್ಬರಿಗೂ ಅದೇ ಬಂಗಾರದ ರೆಕ್ಕೆಕುದುರೆ ಬಂತು. ನೀವು ಬಸ್ಸಿನಲ್ಲಿ ಕುಣಿದದ್ದನ್ನು ನಿಮ್ಮ ಟೀಚರು ಪ್ರೆಸ್ಸಿಗೆ ಬಂದು ಹೇಳಿದ್ದರು. ಆಮೇಲೆ ರಾಣಿ ಸಿರಸಂಗಿಗೆ, ತನ್ನ ಸೋದರಮಾವನ ಮನೆಗೆ ಹೋಗುವಾಗ ತನ್ನ ಕಾರ್ಡನ್ನು ನಿನ್ನ ಹತ್ತಿರ ಇಟ್ಟು ಹೋದಳು. ವಾರದ ನಂತರ ನೀನು ಮರಳಿ ಕೊಟ್ಟಾಗ ಕುದುರೆಯ ಕೊರಳಲ್ಲಿ ಚುಕ್ಕೆ ಕಂಡಿತು. ಮರುದಿನ ಅವಳಪ್ಪ ಲಕ್ಕಪ್ಪ ಪ್ರೆಸ್ಸಿಗೆ ಬಂದ. “ರಾಯರ, ನಿಮ್ಮ ಮಗಳು ನಮ್ಮ ಹುಡಿಗಿ ಕಾರ್ಡಿನ ಮ್ಯಾಲ ಚಾ ಚೆಲ್ಲ್ಯಾಳ. ಕೂಸು ನಿನ್ನಿಯಿಂದ ಉಂಡಿಲ್ಲ” ಎಂದ. ಅವನು ಜೋರು ಮಾಡಲಿಲ್ಲ. ಆದರೆ ಪತ್ರಿಕೆ ಮಾಡಿಸಲು ಬಂದವರು ಐದಾರು ಮಂದಿ ಕೂತಿದ್ದರು, ಎಲ್ಲರೂ ನನ್ನನ್ನೇ ನೋಡಿದರು.

ನಿನ್ನನ್ನು ಕರೆಸಿದೆ. “ನಾ ಚೆಲ್ಲಿಲ್ಲ ಅಪ್ಪಾ, ಅದು ಮೊದಲಿಂದನೂ ಅದ” ಎಂದೆ ನೀನು. ನಾನು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಎಲ್ಲರ ಮುಂದೆ ಲಕ್ಕಪ್ಪ ತಂದಿದ್ದ ಕಾರ್ಡಿನ ಚುಕ್ಕೆ ಉಜ್ಜಿದೆ. ಹೋಗಲಿಲ್ಲ. ಹಟಕ್ಕೆ ಬಿದ್ದು ಮತ್ತೆ ಉಜ್ಜಿದೆ. ಆಗಲೂ ಹೋಗಲಿಲ್ಲ. ನಿನ್ನ ಕೆನ್ನೆಗೆ ಹೊಡೆದೆ. ನಿನ್ನ ಕಾರ್ಡನ್ನು ರಾಣಿಗೆ ಕೊಡಿಸಿ, ಚುಕ್ಕೆಯದನ್ನು ನಿನ್ನ ಕೈಗೆ ಹಾಕಿದೆ. ಅಂದಿನಿಂದ ನೀವಿಬ್ಬರೂ ಮಾತಾಡಲಿಲ್ಲ. ಖೋ ಖೋ ತಂಡವನ್ನೂ ನೀನು ಬಿಟ್ಟೆ. ದೊಡ್ಡವಳಾದಳು, ಓದಿನ ಕಡೆ ಮನಸ್ಸು ಬಂತು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಮೊನ್ನೆ ಆ ಹಾಳೆ ಓದಿದ ಮೇಲೆ ಪ್ರೆಸ್ಸಿನ ಭೂತಗನ್ನಡಿ ತೆಗೆದು ಡಬ್ಬಿಯ ಮೇಲೆ ಹಿಡಿದು ನೋಡಿದೆ. ಚುಕ್ಕೆಯ ಸುತ್ತ ಕೂದಲಿನಷ್ಟು ಸಣ್ಣ ಬಿಳಿ ಬಳೆ ಇದೆ. ಚಹಾ ಒಣಗಿದರೆ ಅಂಚು ಕಪ್ಪಾಗುತ್ತದೆ, ಬೆಳ್ಳಗಾಗುವುದಿಲ್ಲ. ಅಚ್ಚಿನ ಪ್ಲೇಟಿನ ಮೇಲೆ ಕಾಗದದ ದೂಳಿನ ಕಣ ಕೂತರೆ ಮಾತ್ರ ಹೀಗೆ ನಡುವೆ ಚುಕ್ಕೆ ಬಿದ್ದು ಸುತ್ತ ಬಿಳಿ ಉಳಿಯುತ್ತದೆ. ಇಪ್ಪತ್ತೆಂಟು ವರ್ಷದಿಂದ ದಿನಾ ಇದನ್ನೇ ಹುಡುಕಿ ಹುಡುಕಿ ಮಿಶಿನ್ನು ನಿಲ್ಲಿಸುವವನು ನಾನು. ಭೂತಗನ್ನಡಿ ಅಂದೂ ನನ್ನ ಜೇಬಿನಲ್ಲೇ ಇತ್ತು. ಯಾಕೆ ತೆಗೆಯಲಿಲ್ಲ? ಸ್ಪಿರಿಟ್ಟಿಗೂ ಹೋಗದ ಚಹಾ ಎಂಥದು ಎಂದು ಯಾಕೆ ಅನಿಸಲಿಲ್ಲ? ಐದಾರು ಮಂದಿ ನನ್ನನ್ನು ನೋಡುತ್ತಿದ್ದರು ಎಂಬುದೊಂದೇ ಉತ್ತರ ಸಿಗುತ್ತದೆ ಶರೂ. ಅದು ಚೆನ್ನಾಗಿಲ್ಲ.

ಮುಂಬೈಗೆ ಫೋನು ಮಾಡಿದೆ. ಹುಡುಗಿಯೊಬ್ಬಳು ಹಿಂದಿಯಲ್ಲಿ ಬಹಳ ನಯವಾಗಿ ಮಾತಾಡಿದಳು. ಕಾರ್ಖಾನೆಯಲ್ಲಿ ಆದ ದೋಷಕ್ಕೂ ಮನೆಯಲ್ಲಿ ಬಿದ್ದ ಕಲೆಗೂ ಅಂಕ ಒಂದೇ ರೀತಿ ಕಳೆಯುತ್ತೀರಾ ಎಂದು ಕೇಳಿದೆ. ನಾವು ಕಾರ್ಡಿನ ಮೇಲೆ ಏನಿದೆಯೋ ಅದನ್ನಷ್ಟೇ ನೋಡುತ್ತೇವೆ ಸರ್, ಯಾರಿಂದ ಆಯಿತು ಎಂಬುದು ನಮಗೆ ಬೇಡ ಎಂದಳು. ಚುಕ್ಕೆಯೊಂದೇ ಇದ್ದಿದ್ದರೆ ಎಂಟರ ಹತ್ತಿರ ಬರುತ್ತಿತ್ತಂತೆ. ಉಜ್ಜಿದ್ದರಿಂದಲೇ ಇಷ್ಟು ಇಳಿದದ್ದಂತೆ. ಹಾಗಾದರೆ ತಪ್ಪು ಯಾರದು ಎಂದು ಬರೆದು ಕೊಡುತ್ತೀರಾ ಎಂದು ಕೇಳಿದೆ. ಅವಳು ತಬ್ಬಿಬ್ಬಾಗಿ, ನಿಮ್ಮದು ದೂರು ಏನಾದರೂ ಇದೆಯಾ ಸರ್ ಎಂದಳು. ಇಲ್ಲ ತಾಯಿ ಎಂದು ಫೋನು ಇಟ್ಟೆ. ಆ ಕಾರ್ಡಿನ ಮೇಲೆ ಒಂದು ಗುರುತು ಅಚ್ಚಿನದು, ಉಳಿದದ್ದು ನನ್ನದು. ನಿನ್ನದು ಒಂದೂ ಇಲ್ಲ. ಇದನ್ನೇ ನೋಡಿಕೊಳ್ಳಲಿ ಎಂದು ಕಳಿಸಲು ಹೇಳಿದೆಯೇನು, ನಾನು ಓದಲಿ ಎಂದು? ಮಾರುವ ಯೋಚನೆಯೇ ಇರಲಿಲ್ಲವೇ?

ಗುರುವಾರ ಸುರೇಬಾನಕ್ಕೆ ಹೋದೆ. ಲಕ್ಕಪ್ಪ ದನಕ್ಕೆ ಮೇವು ಹಾಕುತ್ತಿದ್ದ. ಎಲ್ಲ ಹೇಳಿದೆ. “ಇಷ್ಟಕ್ಕ ಇಲ್ಲೀತನಕ ಬಂದ್ರೇನ್ರಿ ರಾಯರ? ನನಗ ಅದು ಮರತ ಹೋಗೇತಿ” ಎಂದು ನಕ್ಕು ಚಹಾ ಮಾಡಿಸಿದ. ರಾಣಿ ನಗಲಿಲ್ಲ. ಈಗ ಡಿಗ್ರಿ ಎರಡನೆಯ ವರ್ಷದಲ್ಲಿದ್ದಾಳೆ, ನಿನಗಿಂತ ಎತ್ತರ. ಬಾಗಿಲಿಗೆ ಒರಗಿ ನಿಂತವಳು, “ಕಾಕಾ, ನಾ ಅಕಿಗೆ ಕೊಡೂ ಮುಂದ ಕಾರ್ಡ ನೆಟ್ಟಗ ನೋಡೇ ಇರಲಿಲ್ಲ. ಮೊದಲ ಇತ್ತೋ ಏನೋ ಅಂತ ಆವತ್ತ ಅನಿಸಿತ್ತು. ಆದ್ರ ಅಪ್ಪ ನಿಮ್ಮ ಪ್ರೆಸ್ಸಿನತನಕ ಹೋಗಿ ಬಂದಿದ್ದ. ಹೆಂಗ ಹೇಳಲಿ?” ಎಂದಳು. ಒಳಗೆ ಹೋಗಿ ನಿನ್ನ ಕಾರ್ಡು ತಂದು ಮುಂದೆ ಹಿಡಿದಳು. ಹೊಸದಿದ್ದಂತೆಯೇ ಇದೆ. ನಾನು ಮುಟ್ಟಲಿಲ್ಲ. ಅದನ್ನು ತೆಗೆದುಕೊಳ್ಳಬೇಕಾದವನು ನಾನಲ್ಲ ಎಂದೆ.

ಮರಳಿ ಬರುವಾಗ ಬಸ್ಸಿನಲ್ಲಿ ನಿನಗೆ ಏನು ಬರೆಯಬೇಕೆಂದು ಯೋಚಿಸಿದ್ದೆ. ಈಗ ಅದು ಒಂದೂ ನೆನಪಾಗುತ್ತಿಲ್ಲ. ಅಂದು ನೀನು ಹೇಳಿದ್ದು ನಿಜ. ನಾನು ಹೊಡೆದದ್ದು ತಪ್ಪು. ಅಪ್ಪ ಮಗಳಿಗೆ ಇದನ್ನು ಹೇಗೆ ಬರೆಯುತ್ತಾರೋ ಗೊತ್ತಿಲ್ಲ, ನನಗೆ ತಿಳಿದ ಹಾಗೆ ಬರೆದಿದ್ದೇನೆ.

ಹಿಮ್ಮಡಿ ಬೇಗ ಮಾಯಲಿ, ರಾತ್ರಿ ಒಳ್ಳೆಯ ನಿದ್ದೆ ಬರಲಿ. ಅಜ್ಜಿ ನಿನ್ನ ಹೆಸರಿನಲ್ಲಿ ದಿನಾ ತುಪ್ಪದ ದೀಪ ಹಚ್ಚುತ್ತಾಳೆ. ಅಮ್ಮನ ಆಶೀರ್ವಾದವೂ ಇದರಲ್ಲೇ ಸೇರಿದೆ.

ನಿನ್ನ ಅಪ್ಪ,
ತ್ರ್ಯಂಬಕ

ತಾ.ಕ.: ಪ್ರೆಸ್ಸಿನ ಸತ್ಯಪ್ಪ ಅಂಚೆ ಕಚೇರಿಗೆ ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ತರಬೇತಿ ಮುಗಿಯುವ ದಿನದ ನಿಮ್ಮ ಪರೇಡಿಗೆ ಬರುವ ಮನೆಯ ಕಡೆಯ ಮೂವರ ಹೆಸರು ಕೇಳಿ ಕೇಂದ್ರದಿಂದ ಅರ್ಜಿ ಬಂದಿದೆ. ನನ್ನದು, ಅಮ್ಮನದು ತುಂಬಿದ್ದೇನೆ. ಅಜ್ಜಿಗೆ ಅಷ್ಟು ದೂರದ ರೈಲು ಆಗುವುದಿಲ್ಲ. “ನಾ ಬರಲೇನ್ರಿ ಕಾಕಾ?” ಎಂದು ರಾಣಿ ಬಸ್‌ ಸ್ಟ್ಯಾಂಡಿನ ತನಕ ಹಿಂದೆ ಬಂದು ಕೇಳಿದಳು. ಬಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೂರನೆಯ ಸಾಲು ಖಾಲಿ ಬಿಟ್ಟು ಅರ್ಜಿಯನ್ನು ಇದರೊಳಗೇ ಇಟ್ಟಿದ್ದೇನೆ. ನಿನ್ನನ್ನು ಕೇಳದೆ ಈ ಸಲ ನಾನು ಏನೂ ತೀರ್ಮಾನ ಮಾಡುವುದಿಲ್ಲ. ತುಂಬುವುದೋ ಬಿಡುವುದೋ, ನೀನೇ ನೋಡು.